ಕತ್ತಲಲ್ಲಿ ಇಡಿ

ತಪ್ಪು ನನ್ನದು. ಹೇಳಬೇಕಾದ ಕಡೆ ಹೇಳದೆ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ, ಅದಕ್ಕೇ ಈಗ ಮೊದಲ ಸಾಲಿಗೇ ತಂದು ಹಾಕಿದ್ದೇನೆ. ನನ್ನ ಬಾಯಿ ಎರಡು ದಿನ ಮುಚ್ಚಿತ್ತು ಅಂದರೆ ನಮ್ಮ ಹೊನ್ನೂರಿನಲ್ಲಿ ಯಾರೂ ನಂಬುವುದಿಲ್ಲ, ಅದು ಬೇರೆ ಮಾತು. ಯಳಂದೂರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಮೂವರು ಗೆಳೆಯರನ್ನು ನಗಿಸುವುದಕ್ಕೋಸ್ಕರ, ಒಬ್ಬ ಹೆಂಗಸಿಗೆ ಫೋನ್ ಮಾಡಿ ಅವಳದೇ ದನಿಯಲ್ಲಿ ಅವಳೊಂದಿಗೇ ಮಾತಾಡಿದೆ. ಆ ಒಂದು ನಿಮಿಷದ ನಗುವಿಗೆ ಇನ್ನೊಬ್ಬಳ ಪಿಎಚ್‌ಡಿಯ ಕೊನೆಯ ಅಧ್ಯಾಯ ನೀರಿಗೆ ಬಿತ್ತು. ನೀರಿಗೆ ಬಿತ್ತು ಅನ್ನುವುದು ಇಲ್ಲಿ ಮಾತಿನ ಅಲಂಕಾರವಲ್ಲ. ಪ್ಲಾಸ್ಟಿಕ್ ತೊಟ್ಟಿಯ ನೀರು, ನಾನೇ ತುಂಬಿಸಿದ್ದು.

ಪಿಎಚ್‌ಡಿ ಮಾಡುತ್ತಿದ್ದವರು ಕೊಳ್ಳೇಗಾಲ ಪೇಟೆಯವರು. ನನಗಿಂತ ಐದಾರು ವರ್ಷಕ್ಕೆ ದೊಡ್ಡವರು, ಮೈಸೂರಿನಲ್ಲಿ ಓದು, ಮೀನು ಹಿಡಿಯುವುದಕ್ಕೆ ಮಾತ್ರ ನಮ್ಮ ಕಡೆ. ನಾನು ಪ್ರಾಣಿಶಾಸ್ತ್ರದ ಡಿಗ್ರಿಯನ್ನು ಹೇಗೋ ಮುಗಿಸಿ ಅವರಿಗೆ ಬಕೆಟ್ ಹೊರುವವನಾಗಿ ಸೇರಿದ್ದೆ. ಕಾಗದದಲ್ಲಿ ಅದಕ್ಕೆ ಫೀಲ್ಡ್ ಅಸಿಸ್ಟೆಂಟ್ ಅಂತ ಹೆಸರು. ನಾನು ಅವರನ್ನು ಮೇಡಂ ಅನ್ನುತ್ತಿದ್ದೆ, ಅವರು ನನ್ನನ್ನು ‘ಏಯ್’ ಅನ್ನುತ್ತಿದ್ದರು. ಮೇಡಮ್ಮಿಗೆ ಏನು ಹೇಳಿದರೂ ಬೆರಳೆಣಿಸಿ ಹೇಳುವ ಅಭ್ಯಾಸ. ಒಮ್ಮೆ ನಾನು ಅವರ ಬೆನ್ನ ಹಿಂದೆ ನಿಂತು ಅದೇ ರೀತಿ ಬೆರಳು ಮಡಿಸುತ್ತಿದ್ದಾಗ ತಿರುಗಿ ನೋಡಿದರು. ನಗಲಿಲ್ಲ.

‘ಒಂದು: ಇದು ತಮಾಷೆಯ ಜಾಗ ಅಲ್ಲ. ಎರಡು: ನಿನ್ನನ್ನ ಕೆಲಸಕ್ಕೆ ತಗೊಂಡಿದ್ದು ನನ್ನ ಗೈಡು, ನಾನಲ್ಲ. ಮೂರು: ಬಕೆಟ್ ಎತ್ತು.’

ಅವರ ವಿಷಯ ಮೀನಿನ ಗಡಿಯಾರ. ನಮ್ಮಲ್ಲಿ, ಮೀನಿನಲ್ಲಿ, ಹಸುವಿನಲ್ಲಿ, ಜೀವಕೋಶಗಳ ಒಳಗೇ ಒಂದು ಗಡಿಯಾರ ಇದೆಯಂತೆ, ಜೀನುಗಳದ್ದು. ಕೆಲವು ಜೀನುಗಳು ಎದ್ದು ಕೆಲಸ ಶುರು ಮಾಡುತ್ತವೆ. ಅವು ಮಾಡಿಸಿದ ಪ್ರೋಟೀನು ಹೊತ್ತು ಏರಿದಂತೆ ಗುಡ್ಡೆಬಿದ್ದು, ವಾಪಸು ಬಂದು ಆ ಜೀನುಗಳ ಬಾಯನ್ನೇ ಮುಚ್ಚಿಸುತ್ತದೆ. ಪ್ರೋಟೀನು ಕರಗಿದ ಮೇಲೆ ಜೀನುಗಳು ಮತ್ತೆ ಏಳುತ್ತವೆ. ಈ ಒಂದು ಸುತ್ತಿಗೆ ಹೆಚ್ಚುಕಮ್ಮಿ ಒಂದು ದಿನ. ಬೆಳಕು ಬಂದು ಮುಳ್ಳನ್ನು ಸರಿಮಾಡುತ್ತದೆ, ಅಷ್ಟೇ. ಇಲ್ಲಿಯವರೆಗೆ ನಾವೂ ಮೀನೂ ಒಂದೇ.

ಮೀನಿನ ಹೆಚ್ಚುಗಾರಿಕೆ ಮುಂದಿನದು. ಕೋಟಿ ಕೋಟಿ ವರ್ಷಗಳ ಹಿಂದೆ ಮೂಳೆಮೀನುಗಳ ಪೂರ್ವಿಕರಲ್ಲಿ ಒಮ್ಮೆ ಜೀನುಗಳ ಇಡೀ ಕಟ್ಟೇ ನಕಲಾಗಿ ಎರಡಾಯಿತು. ಗಡಿಯಾರದ ಜೀನುಗಳೂ ಜೋಡಿಯಾದವು. ನಮ್ಮ ಕೆರೆಗಳ ಗೆಂಡೆ ಮೀನಿನ ವಂಶದಲ್ಲಿ ಆಮೇಲೆ ಇನ್ನೊಂದು ಸಲ ಅದೇ ಆಯಿತು. ಒಂದು ಪ್ರತಿ ಕೆಲಸ ಮಾಡುತ್ತಿದ್ದರೆ ಸಾಕಲ್ಲ, ಇನ್ನೊಂದರ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಅದು ಕೆಡಬಹುದು, ಉದುರಿಹೋಗಬಹುದು, ಇಲ್ಲವೇ ಯಾರೂ ಹೇಳಿಕೊಡದ ಹೊಸ ಕೆಲಸ ಕಲಿಯಬಹುದು. ಇದನ್ನು ಕೇಳಿದಾಗ ನನಗೆ ನಮ್ಮ ಮನೆಯೇ ಕಣ್ಣಿಗೆ ಕಟ್ಟಿತು. ಅಣ್ಣ ಗದ್ದೆ, ಕಬ್ಬು, ತೆಂಗು ನೋಡಿಕೊಳ್ಳುತ್ತಾನೆ. ಅವನು ಒಂದು ದಿನ ಮಲಗಿದರೂ ಮನೆ ನಿಂತುಹೋಗುತ್ತದೆ. ನಾನು ಹೆಚ್ಚುವರಿ ಪ್ರತಿ. ನಾನು ಕೆಟ್ಟರೂ ಯಾರಿಗೂ ನಷ್ಟವಿಲ್ಲ, ಹಾಗಾಗಿ ಮಿಮಿಕ್ರಿ ಕಲಿತೆ. ಮೇಡಮ್ಮಿಗೆ ಇದನ್ನು ಹೇಳಿದೆ. ‘ಉದುರಿಹೋಗೋ ಪ್ರತಿಗಳೇ ಜಾಸ್ತಿ, ನೆನಪಿಟ್ಟುಕೋ’ ಅಂದರು.

ಅವರ ಕೊನೆಯ ಅಧ್ಯಾಯದ ಪ್ರಶ್ನೆ ಸುಲಭದ್ದು. ಹಗಲಿನಲ್ಲಿ ಮೇಯುವ ಗೆಂಡೆಗೆ ಗಡಿಯಾರದ ಜೀನುಗಳ ಇಷ್ಟೊಂದು ಪ್ರತಿ ಇವೆ. ಇರುಳಲ್ಲಿ ತಿರುಗುವ ಮೀಸೆ ಮೀನಿಗೆ ಅಷ್ಟಿಲ್ಲ. ಬೆಳಕನ್ನೇ ತೋರಿಸದಿದ್ದರೆ ಯಾವ ಪ್ರತಿ ಇನ್ನೂ ಹೊತ್ತು ಎಣಿಸುತ್ತದೆ, ಯಾವುದು ಸುಮ್ಮನೆ ಕೂರುತ್ತದೆ? ಮೀಸೆ ಮೀನನ್ನು ಹನೂರಿನಾಚೆ ಅಜ್ಜೀಪುರದ ಕಡೆಯಿಂದ ಡ್ರಮ್ಮಿನಲ್ಲಿ ತಂದು ಆ ಭಾಗ ಮುಗಿಸಿದ್ದಾಗಿತ್ತು. ಉಳಿದದ್ದು ಗೆಂಡೆ. ಮೂರು ವಾರ ತೊಟ್ಟಿಗೆ ಒಗ್ಗಿಸಿ, ಮೂರು ದಿನ ಕಗ್ಗತ್ತಲಲ್ಲಿಟ್ಟು, ಆಮೇಲೆ ಕೊಯ್ದು ನೋಡಬೇಕು. ಆ ಮೂರು ದಿನ ಮೊಬೈಲಿನ ಬೆಳಕೂ ಬೀಳಕೂಡದು, ಯಾಕೆಂದರೆ ಮೀನಿಗೆ ಬೆಳಕು ಗೊತ್ತಾಗಲು ಕಣ್ಣೇ ಬೇಕಿಲ್ಲ. ಕೆಲವು ಮೀನುಗಳ ಗುಂಡಿಗೆಯನ್ನು ಕಿತ್ತು ಬೇರೆ ಇಟ್ಟರೂ ಅದು ಬೆಳಕನ್ನು ಗುರುತಿಸಿ ತನ್ನ ಗಡಿಯಾರ ತಿದ್ದಿಕೊಳ್ಳುತ್ತದಂತೆ.

ಕತ್ತಲ ಕೋಣೆ ಸಿಕ್ಕಿದ್ದು ಮಧುವನಹಳ್ಳಿಯಲ್ಲಿ, ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಒಂದು ಮನೆ. ಅದು, ಊರ ಕೆರೆಯಲ್ಲಿ ಮೀನು ಹಿಡಿಯುವ ಒಬ್ಬ ಹೆಂಗಸಿನದು. ಮೀನು ಕೊಡುವುದೂ, ತೊಟ್ಟಿ ನೋಡಿಕೊಳ್ಳುವುದೂ ಅವಳೇ. ಐವತ್ತು ದಾಟಿದವಳು, ಗಂಡನಿಲ್ಲ, ತೆಪ್ಪ ತಾನೇ ನಡೆಸುತ್ತಾಳೆ. ಕೆರೆಯ ಆ ದಡದವರ ಜೊತೆ ಮಾತಾಡಿ ಮಾತಾಡಿ, ಎದುರಿಗೆ ಕೂತವರ ಜೊತೆಗೂ ಆ ದಡಕ್ಕೆ ಕೇಳಿಸುವ ಹಾಗೇ ಮಾತಾಡುತ್ತಾಳೆ. ಗಂಡಸು ಹೆಂಗಸು ಅನ್ನದೆ ಎಲ್ಲರಿಗೂ ‘ಲಾ’. ಮಿಮಿಕ್ರಿ ಮಾಡುವವನಿಗೆ ಇಂಥ ದನಿ ಸಿಕ್ಕರೆ ಹಬ್ಬ. ಒಂದೆರಡು ಸಲ ಅವಳ ತೆಪ್ಪದಲ್ಲಿ ಕೂತು ಹೋಗಿದ್ದೆ. ಮೋಡ ಕವಿದು ಸೂರ್ಯನ ಸುಳಿವೇ ಇಲ್ಲದ ಬೆಳಿಗ್ಗೆಯೂ ಅವಳು ನೀರನ್ನೊಮ್ಮೆ ನೋಡಿ ‘ಎದ್ವು ಕಣ್ಲಾ, ಬುಡು ಬಲೆ’ ಅನ್ನುತ್ತಿದ್ದಳು, ಗೆಂಡೆ ಮೇಲೆ ಬರುತ್ತಿದ್ದವು. ನಾನು ಅದರಿಂದ ಕಲಿತದ್ದು ‘ಎದ್ವು ಕಣ್ಲಾ’ ಅನ್ನುವಾಗ ಅವಳ ಕೆಳದುಟಿ ಹೇಗೆ ಸೊಟ್ಟಗಾಗುತ್ತದೆ ಅನ್ನುವುದನ್ನು ಮಾತ್ರ.

ಅವಳಿಗೆ ನಾವು ಮಾಡುವ ಕೆಲಸ ಏನೆಂದು ಯಾರೂ ಹೇಳಿರಲಿಲ್ಲ. ಒಂದು ದಿನ ಮೇಡಂ ನನಗೆ ವಿವರಿಸುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ‘ಮೀನೊಳ್ಗೆ ಜೇನಾ? ಬೆಟ್ಟದ ಸೋಲಿಗ್ರು ಮರದಲ್ ಕುಯ್ತರ, ನೀವು ಮೀನಲ್ ಕುಯ್ತಿದ್ದೀರಾ?’ ಅಂದಳು. ನಾನು ಬಿದ್ದು ಬಿದ್ದು ನಕ್ಕೆ. ಅವಳು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಹೋದಳು. ಆಮೇಲೆ ಯಾವತ್ತೂ ಏನೂ ಕೇಳಲಿಲ್ಲ.

ಗೆಂಡೆ ತೊಟ್ಟಿಗೆ ಬಿದ್ದು ಮೂರು ವಾರ ಆಯಿತು. ಮೇಡಂ ಸಾಮಾನು ತರಲು ಮೈಸೂರಿಗೆ ಹೋಗಿದ್ದರು, ಅಲ್ಲಿಂದ ನನಗೆ ಮೆಸೇಜು: ‘ಇವತ್ತೇ ಮಧುವನಹಳ್ಳಿಗೆ ಹೋಗಿ ಅವರಿಗೆ ಹೇಳು. ನಾಳೆಯಿಂದ ಮೂರು ದಿನ ಗೆಂಡೆಗಳನ್ನು ಕತ್ತಲಲ್ಲಿ ಇಡಲಿ. ನೀನೇ ನಿಂತು ಕಿಟಕಿಗೆ ಗೋಣಿ ಬಡಿ.’ ಹೋಗಿ, ನಿಂತು, ಬಡಿ. ಮೂರೂ ಬಿಟ್ಟೆ. ಹೊನ್ನೂರಿನಿಂದ ಆಟೋ ಹತ್ತಿ ಯಳಂದೂರಿಗೆ ಬಂದವನು ಕೊಳ್ಳೇಗಾಲದ ಬಸ್ಸು ಹತ್ತಲಿಲ್ಲ. ಗೆಳೆಯರು ಸಿಕ್ಕರು, ಟೀ ಸಿಕ್ಕಿತು, ಮೇಡಮ್ಮಿನ ಬೆರಳು ಮಾಡಿ ತೋರಿಸಿದೆ, ಅವರ ಗೈಡನ್ನು ಮಾಡಿ ತೋರಿಸಿದೆ. ಒಬ್ಬ ‘ಆ ಮೀನ್ ಯಮ್ಮನ ಮಾಡ್ಲಾ’ ಅಂದ. ಮಾಡಿದೆ. ‘ಅವಳ್ಗೇ ಫೋನ್ ಮಾಡಿ ಮಾಡ್ಲಾ, ನೋಡಮ’ ಅಂದ. ಸ್ಪೀಕರ್ ಹಾಕಿದೆ.

ಏನು ಹೇಳಿದೆ ಅನ್ನುವುದು ಮುಂದೆ ಬರುತ್ತದೆ, ನನಗಿಂತ ಚೆನ್ನಾಗಿ ಹೇಳುವ ಸಾಕ್ಷಿ ಇದೆ.

ನಾಲ್ಕನೆಯ ಬೆಳಿಗ್ಗೆ ಮೇಡಂ ಐಸ್ ಪೆಟ್ಟಿಗೆ ಹಿಡಿದು ಬಂದರು. ನಾನು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಜೊತೆಯಾಗಿ, ಮೂರು ದಿನ ಕಿಟಕಿ ಕಾದು ಸುಸ್ತಾದವನ ಮುಖ ಮಾಡಿಕೊಂಡಿದ್ದೆ. ರೇಷ್ಮೆ ಮನೆಯ ಬಾಗಿಲು ಹಾರುಹೊಡೆದಿತ್ತು. ಕಿಟಕಿ ತೆಗೆದಿತ್ತು. ಒಳಗೆ ಹೊಡೆಯುತ್ತಿದ್ದ ಬಿಸಿಲಿನಲ್ಲಿ ತೊಟ್ಟಿಗಳಲ್ಲಿ ಮೀನು ಒಂದರ ಮೇಲೊಂದು ಹೊರಳುತ್ತಿದ್ದವು, ನಾವು ಬಿಟ್ಟದ್ದರ ಎರಡರಷ್ಟು. ಮೇಡಂ ಐಸ್ ಪೆಟ್ಟಿಗೆಯನ್ನು ನಿಧಾನವಾಗಿ ನೆಲಕ್ಕಿಟ್ಟರು. ಬೆರಳೆಣಿಸಲಿಲ್ಲ.

ಮೀನಿನವಳು ಒಳಗೆ ಬಂದು ಹೆಮ್ಮೆಯಿಂದಲೇ ಹೇಳಿದಳು. ‘ಮೂರ್ ದಿನಾನೂ ಕೋಳಿ ಕೂಗೋಕ್ ಮುಂಚೆ ಕೆರೆಗಿಳ್ದು ತಂದಿವ್ನಿ. ಡ್ರಮ್ಮಿಗ್ ನೆಂದ ಗೋಣಿ ಒದುಸಿ ತಂದೆ, ಚಿಟಿಕೆ ಬೆಳಕ್ ಬೀಳುಸ್ನಿಲ್ಲ. ಇಕ್ಕಟ್ಟಾಗಿ ಸಾಯ್ತವಲ್ಲ ಅಂತ ಗಾಳಿಗ್ ಬಾಗ್ಲು ತಗ್ದಿವ್ನಿ.’ ಅವಳ ಅಂಗೈ ಬಲೆಯ ಹಗ್ಗಕ್ಕೆ ಸಿಗಿದು ಬಟ್ಟೆ ಸುತ್ತಿತ್ತು.

ಮೇಡಂ ನನ್ನ ಕಡೆ ತಿರುಗಿದರು. ‘ನೀನು ಏನಂತ ಹೇಳ್ದೆ?’

ಇಲ್ಲಿ ಎರಡನೆಯ ತಪ್ಪು. ಮೊದಲನೆಯದು ಮಂಗತನ, ಇದು ಹಲ್ಕಟ್‌ತನ. ‘ಸರಿಯಾಗೇ ಹೇಳಿದೆ ಮೇಡಂ’ ಅಂದೆ. ಆಮೇಲೆ ಹೊರಗೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ, ‘ಗೋಣಿ ನಾನೇ ಬಡಿದಿದ್ದೆ, ಆಯಮ್ಮನೇ ಕಿತ್ತಿರ್ಬೇಕು. ಆಯಮ್ಮಂಗೆ ಕಿವಿ ಸರಿಯಾಗಿ ಕೇಳ್ಸಲ್ಲ, ಅದಕ್ಕೇ ಅಷ್ಟು ಜೋರಾಗಿ ಮಾತಾಡೋದು’ ಅಂತ ಸೇರಿಸಿದೆ. ಅದು ಎಷ್ಟು ಚೆನ್ನಾಗಿ ಕೂತಿತೆಂದರೆ ನನಗೇ ನಂಬಿಕೆ ಬಂತು.

ಮೇಡಂ ಅಲ್ಲೇ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದರು. ಒಗ್ಗಿದ ಮೀನೂ ಹೊಸ ಮೀನೂ ಬೆರೆತು ಯಾವುದು ಯಾವುದೆಂದು ಗೊತ್ತಾಗುವಂತಿರಲಿಲ್ಲ. ಪ್ರಬಂಧ ಕೊಡಲು ಉಳಿದಿರುವುದು ಆರು ವಾರ. ಹೊಸ ಗೆಂಡೆ ಇವತ್ತೇ ಸಿಕ್ಕರೆ ಒಗ್ಗಿಸಿ, ಕತ್ತಲಿಗೆ ಹಾಕಿ, ಕೊಯ್ದು, ಬರೆದು, ಕೂದಲೆಳೆಯಲ್ಲಿ ಆಗಬಹುದು. ಒಂದು ವಾರ ತಡವಾದರೆ ಅಧ್ಯಾಯವೇ ಇಲ್ಲ. ಆ ಅಧ್ಯಾಯ ಇಲ್ಲದಿದ್ದರೆ ಉಳಿದದ್ದು, ಗೈಡ್ ಮೊದಲೇ ಹೇಳಿದ್ದ ಹಾಗೆ, ‘ಮೀಸೆ ಮೀನಿನ ಬಗ್ಗೆ ಒಂದು ದಪ್ಪ ಕರಪತ್ರ’. ಫೋನಿನಲ್ಲಿ ಗೈಡಿಗೆ ಎಲ್ಲ ಹೇಳಿದರು, ನನ್ನ ಕಿವಿಯ ಕಥೆಯನ್ನೂ ಸೇರಿಸಿ. ನಾಡಿದ್ದು ತಾವೇ ಬರುವುದಾಗಿ ಗೈಡ್ ಹೇಳಿದರು. ಅಷ್ಟರೊಳಗೆ ಕಥೆ ಊರಿಗೂ ಮುಟ್ಟಿತು. ಮೀನಿನವಳು ನೀರು ಹಿಡಿಯಲು ಹೋದರೆ ನಲ್ಲಿಯ ಹತ್ತಿರ ಒಬ್ಬಳು ಕಿವಿ ಮುಟ್ಟಿಕೊಂಡು ಸನ್ನೆ ಮಾಡಿ ಕರೆದಳಂತೆ. ಅವಳು ರೇಷ್ಮೆ ಮನೆಗೆ ಬೀಗ ಜಡಿದಳು. ಮೇಡಂ ಎರಡು ಸಲ ಹೋಗಿ ಮೀನು ಕೇಳಿದರು. ಒಳಗಿಂದ ಉತ್ತರ ಬಂತು: ‘ಕೆಪ್ಪಿಗೆ ಕೇಳುಸ್ನಿಲ್ಲ, ಓಗಿ.’

ಗೈಡ್ ಕಾರಿನಲ್ಲಿ ಬಂದಿಳಿದರು. ಅವರು ಒಂದೊಂದು ವಾಕ್ಯ ಆದ ಮೇಲೂ ‘ಅಂದರೆ ಏನಾಯ್ತು?’ ಅಂತ ತಮ್ಮನ್ನೇ ಕೇಳಿಕೊಂಡು ಬಾಟಲಿಯಿಂದ ಒಂದು ಗುಟುಕು ನೀರು ಕುಡಿಯುವವರು. ನಾನು ಅದನ್ನು ಮಾಡಿದರೆ ಮೇಡಂ ಕೂಡ ಒಮ್ಮೆ ತುಟಿ ಕಚ್ಚಿ ನಗು ತಡೆದಿದ್ದರು. ಅವತ್ತು ಯಾರ ತುಟಿಯೂ ಅಲ್ಲಾಡಲಿಲ್ಲ. ಮೀನಿನವಳು ಜಗಲಿಯ ಮೇಲೆ ಬಲೆ ಹೆಣೆಯುತ್ತಾ ಕೂತಿದ್ದಳು. ಗೈಡ್ ಅವಳ ಮುಖದ ಹತ್ತಿರ ಬಾಗಿ, ಅಕ್ಷರ ಬಿಡಿಸಿ ಬಿಡಿಸಿ ಕೂಗಿದರು.

‘ಅಮ್ಮಾ! ಕಿ-ವಿ ಕೇ-ಳಿ-ಸು-ತ್ತಾ?’

‘ಅದ್ಯಾಕ್ ಸಾ ಇಂಗ್ ಬಡ್ಕತಿದ್ದೀರಿ? ನಿಮ್ ಕಾರು ಅನೂರ್ ರಸ್ತೆ ಬುಟ್ಟು ಊರೊಳ್ಗ್ ತಿರುಗ್ದಾಗ್ಲೇ ನಂಗ್ ಕೇಳುಸ್ತು.’

ಗೈಡ್ ನೀರು ಕುಡಿದು ನನ್ನನ್ನು ನೋಡಿದರು. ‘ಹುಡುಗ ಬೇರೆ ಹೇಳ್ತಾನಲ್ಲ?’

‘ಏನ್ ಯೋಳವ್ನೆ?’

‘ಕತ್ತಲಲ್ಲಿ ಇಡೋಕೆ ಅವನು ಸರಿಯಾಗಿ ಹೇಳಿದ್ನಂತೆ. ನಿಮಗೆ ಕೇಳಿಸಲಿಲ್ಲವಂತೆ.’

ಅವಳು ಬಲೆ ಕೆಳಗೆ ಹಾಕಿದಳು. ನನಗೆ ಆ ಹೊತ್ತಿಗೆ ಹೊನ್ನೂರಿಗೆ ಎಷ್ಟು ಹೊತ್ತಿಗೆ ಬಸ್ಸಿದೆ ಅನ್ನುವುದು ಬಿಟ್ಟು ಬೇರೇನೂ ತೋಚಲಿಲ್ಲ. ಅವಳು ಸೊಂಟದ ಚೀಲದಿಂದ ಮೊಬೈಲ್ ತೆಗೆದಳು. ‘ನನ್ ತಂಗಿ ಮಗ್ಳು ಇದ್ರಲ್ ಏನೋ ಒತ್ತವ್ಳೆ ಸಾ. ಯಾರ್ ಫೋನ್ ಮಾಡುದ್ರೂ ಅದೇ ತುಂಬ್ಕತ್ತದ. ಕೆರೆ ಸಂಘದೋರು ಇಂದ್ ಯೋಳಿದ್ದ ನಾಳಿಕ್ ಇಲ್ಲ ಅಂತರಲ್ಲ, ಅದ್ಕೆ. ಕೇಳಿ.’ ತಾರೀಖು ನೋಡಿ ಒತ್ತಿದಳು.

ಮೊದಲು ಟೀ ಗ್ಲಾಸಿನ ಸದ್ದು. ಆಮೇಲೆ ಅವಳ ದನಿ.

‘ಅಲೋ, ಯಾರ್ಲಾ ಅದು?’

ಆಮೇಲೆ ಮತ್ತೆ ಅವಳದೇ ದನಿ, ಅಂದರೆ ನನ್ನದು. ‘ಯಾರ್ಲಾ ಅಂತ ಕೇಳಕ್ಕೆ ನೀನ್ಯಾರ್ಲಾ! ಕೇಳುಸ್ಕೊ. ಮೇಡಂ ಯೋಳವ್ರೆ. ನಾಳಿಂದ ಮೂರ್ ದಿನ ಗೆಂಡೆ ಮೀನ ಕತ್ತಲಲ್ಲೇ ಇಡಿ. ವಸೀನೂ ಬೆಳಕ್ ಬೀಳ್ಕೂಡ್ದು.’ ಇಲ್ಲಿ ಹಿಂದೆ ಮೂವರ ನಗು.

‘ಕತ್ತಲಲ್ಲಾ? ಮೂರ್ ದಿನಾನೂವಾ? ಅದ್ಯಾಕ್ಲಾ?’

‘ಯಾಕೆ ಗೀಕೆ ಎಲ್ಲಾ ನಿಂಗ್ಯಾಕ್ಲಾ? ಇಡಿ ಅಂದ್ಮೇಲೆ ಇಡಿ!’

‘ಆಯ್ತು ಬುಡು. ನಿನ್ ಬಾಯ್ಗಷ್ಟು ಮಣ್ಣಾಕ.’

ಮತ್ತೆ ನಗು, ಚಪ್ಪಾಳೆ. ‘ಸೂಪರ್ ಕಣ್ಲಾ’ ಅನ್ನುವಲ್ಲಿಗೆ ನಿಂತಿತು.

ಮೊದಲು ಅರ್ಥವಾದದ್ದು ಮೇಡಮ್ಮಿಗೆ, ಕೊಳ್ಳೇಗಾಲದವರಲ್ಲವೇ. ‘ಹಿಡಿ’ ಅಂದರು ಮೆಲ್ಲಗೆ. ‘ಇವರ ಮಾತಲ್ಲಿ ಇಡಿ ಅಂದ್ರೆ ಹಿಡಿ.’

ಅಷ್ಟೇ. ನಮ್ಮ ಕಡೆ ಹಕಾರ ಉದುರಿಹೋಗಿ ತಲೆಮಾರುಗಳಾದವು. ಹೋಗು ಓಗು, ಹನೂರು ಅನೂರು, ಹಿಡಿ ಇಡಿ. ಹಾಗಾದರೆ ನಿಜವಾದ ‘ಇಡು’ ಎಲ್ಲಿ ಹೋಯಿತು ಅಂದರೆ, ಅದನ್ನು ನಾವು ಬಳಸುವುದೇ ಇಲ್ಲ. ಪಾತ್ರೆಯನ್ನು ಮಡಗುತ್ತೇವೆ, ಬುತ್ತಿಯನ್ನು ಮಡಗುತ್ತೇವೆ, ಮೀನನ್ನೂ ಮಡಗುತ್ತೇವೆ. ಅವಳ ಬಾಯಲ್ಲಿ ‘ಇಡಿ’ಗೆ ಒಂದೇ ಅರ್ಥ. ಮೇಡಂ ಕಳಿಸಿದ ಪುಸ್ತಕದ ಮಾತನ್ನು ನಾನು ಹಾಗೇ ಎತ್ತಿ ಅವಳ ದನಿಯೊಳಕ್ಕೆ ತುರುಕಿದ್ದೆ. ದನಿ ಅವಳದಾಯಿತು, ಅರ್ಥವೂ ಅವಳದೇ ಆಯಿತು. ಹೊನ್ನೂರಿನಲ್ಲಿ ಹುಟ್ಟಿ, ‘ಮಡಗ್ಲಾ’ ಅನ್ನಿಸಿಕೊಂಡು ಬೆಳೆದವನಿಗೆ ಆ ಮಾತು ಹೊಳೆಯಲಿಲ್ಲ. ನನ್ನನ್ನು ದೊಡ್ಡ ಮಿಮಿಕ್ರಿಯವನು ಅಂದುಕೊಂಡಿದ್ದೆನಲ್ಲ, ಅವಳು ಉಗುಳು ನುಂಗುವುದನ್ನೂ ಕಲಿತಿದ್ದವನು ಮಾತನ್ನೇ ಕಲಿತಿರಲಿಲ್ಲ.

‘ನೀನಾ?’ ಅಂದರು ಮೇಡಂ. ‘ಕಿಟಕಿಗೆ ಗೋಣಿ ಬಡಿ ಅಂದಿದ್ನಲ್ಲ, ಬಡಿದೆ ಅಂದ್ಯಲ್ಲ? ಎರಡು ದಿನದಿಂದ ನಾನು ಇವರ ಬಾಗಿಲಲ್ಲಿ ನಿಂತು ಬೇಡ್ತಾ ಇದ್ದೀನಿ, ನೀನು ಪಕ್ಕದಲ್ಲೇ ನಿಂತು ಸುಮ್ಮನಿದ್ಯಲ್ಲೋ?’

‘ತಪ್ಪಾಯ್ತು ಮೇಡಂ.’

‘ಯಾರ ದನೀಲಿ ಹೇಳ್ತಿದ್ದೀಯ ಇದನ್ನ?’

ಮೀನಿನವಳ ಕಡೆ ತಿರುಗಿ ಅವಳಿಗೂ ತಪ್ಪಾಯಿತು ಅಂದೆ. ಅವಳು ನನ್ನನ್ನು ನೋಡಲೂ ಇಲ್ಲ. ಅವಳ ಕಣ್ಣು ಗೈಡ್ ಮೇಲಿತ್ತು.

ಗೈಡ್ ಅಲ್ಲಿಗೆ ಕ್ಷಮೆ ಕೇಳಿ ಮೀನು ಬೇಡಿದ್ದರೆ ಸಾಕಿತ್ತು. ಮೇಡಂ ಕಣ್ಣಿನಲ್ಲೇ ಅವರನ್ನು ಬೇಡುತ್ತಿದ್ದರು: ಇವತ್ತು ಮೀನು ಸಿಗದಿದ್ದರೆ ಎಲ್ಲ ಮುಗಿಯಿತು. ಆದರೆ ಗೈಡಿಗೆ ತಾವು ಅವಳನ್ನು ಕಿವುಡಿಯೆಂದುಕೊಂಡು ಕೂಗಿದ್ದು ಮುಜುಗರವಾಗಿತ್ತು, ಮುಜುಗರವಾದರೆ ಅವರು ಪಾಠ ಶುರುಮಾಡುತ್ತಾರೆ.

‘ನೋಡಿಯಮ್ಮ, ಹುಡುಗನದು ತಪ್ಪು, ಒಪ್ಪಿದೆ. ಅವನನ್ನ ಇವತ್ತೇ ಕಳಿಸ್ತೀನಿ. ಅಂದರೆ ಏನಾಯ್ತು? ಇದು ಸೂಕ್ಷ್ಮ ವಿಜ್ಞಾನ. ಕೋಟ್ಯಂತರ ವರ್ಷದಲ್ಲಿ ಮೀನಿನ ಒಳಗೆ ಗಡಿಯಾರ ಹೇಗೆ ಬೆಳೀತು ಅನ್ನೋ ವಿಷಯ. ನಿಮ್ಮಂಥೋರಿಗೆ ಅದು ಸ್ವಲ್ಪನಾದ್ರೂ ತಿಳಿದಿದ್ರೆ, ಮೂರು ದಿನ ಕತ್ತಲಲ್ಲಿ ಮೀನು ಹಿಡಿಯೋಕೆ ಯಾರೂ ಹೇಳಲ್ಲ ಅಂತ ನಿಮಗೇ ಹೊಳೀತಿತ್ತು. ಅಂದರೆ ಏನಾಯ್ತು? ತಿಳುವಳಿಕೆ ಇಲ್ಲದ ಕಡೆ ಕೆಲಸ ಕೊಟ್ಟಿದ್ದು ನಮ್ಮದೂ ತಪ್ಪು.’

ಬಾಟಲಿ ಎತ್ತಿದರು. ಮೇಡಂ ಕಣ್ಣು ಮುಚ್ಚಿಕೊಂಡರು.

ಅವಳು ಎದ್ದು ನಿಂತಳು. ಬಟ್ಟೆ ಸುತ್ತಿದ ಕೈಯಿಂದ ಬೀಗದ ಕೈಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮೇಡಮ್ಮಿನ ಕೈಗೆ ಹಾಕಿ, ಗೈಡ್ ಕಡೆ ತಿರುಗಿ, ಆ ದಡಕ್ಕೆ ಕೇಳಿಸುವ ಹಾಗೆ ಹೇಳಿದಳು:

‘ಮೀನಿಗೆ ಒತ್ತು ಎಂಗ್ ಗೊತ್ತಾಯ್ತದ ಅಂತ ಮೂರ್ ತಿಂಗ್ಳಿಂದ ಅವುಗಳ ಒಟ್ಟೆ ಕುಯ್ದ್ ಕುಯ್ದ್ ಕೇಳ್ತಿದ್ದೀರಲ್ಲ ಸಾ, ದಿನಾ ಅವುಗಳ ಒತ್ತು ನೋಡಿ ಬಲೆ ಬುಡೋಳು ನಾನು ಇಲ್ಲೇ ನಿಂತಿವ್ನಿ, ಬಾಯೂ ಅದ, ನನ್ನ ಒಂದ್ ಸಲನಾರ ಕೇಳುದ್ರಾ? ಈ ಮೊಗ ಒಬ್ಳೇ ಬರ್ಲಿ, ಮೀನ್ ಕೊಡ್ತೀನಿ, ಕತ್ತಲಲ್ಲಿ ನಾನೇ ಮಡಗ್ತೀನಿ. ನೀವೂ ಈ ಮಂಗನೂ ಕಾರ್ ಅತ್ತಿ, ಓಗಿ.’